ಕೋವಿಯ ಕಣ್ಣಿಗೆ ಗಂಧ

ಬೆಳಿಗ್ಗೆ ಹತ್ತೂವರೆಗೆ ಬಂದ ಫೋನು ಅರ್ಧ ನಿಮಿಷದಲ್ಲೇ ಕಡಿದುಹೋಯಿತು. ಅಷ್ಟರಲ್ಲಿ ಸಂಗಯ್ಯ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ.

"ಹೆಗಡೇರ, ಕಾಲು ಮುರದೈತ್ರಿ. ಒರತಿ ಹತ್ರ ಬಂಡೆಗಲ್ಲಿನ ಸಂದ್ಯಾಗ ಬಿದ್ದೇನಿ. ಮ್ಯಾಲಿನ ಗವ್ಯಾಗ ಕರಡಿ ಐತಿ, ಎರಡು ಮರಿ ಅದಾವು. ಲಗೂ ಬರ್ರಿ!"

ಮತ್ತಿಘಟ್ಟದ ದಿನಕರ ಹೆಗಡೆ ಫೋನು ಹಿಡಿದುಕೊಂಡೇ ಜಗಲಿಗೆ ಓಡಿ ಪಕ್ಕದ ಮನೆಗೆ ಕೂಗಿ ಸುದ್ದಿ ಮುಟ್ಟಿಸಿದ. ಸಂಗಯ್ಯ ದಾಸನಕೊಪ್ಪದ ಪೈಪು ರಿಪೇರಿಯವನು. ಹಂಡೆಕಲ್ಲು ಗುಡ್ಡದ ಒರತೆಯಿಂದ ಐದು ಮನೆಗೆ ಬರುವ ನೀರು ನಿಂತಿತ್ತು, ಅದನ್ನು ಸರಿಮಾಡಲು ಹೋಗಿದ್ದ. ಕೋವಿ ಹಿಡಿದು ಜೊತೆಗೆ ಬರುತ್ತೇನೆಂದು ದಿನಕರ ಮಾತು ಕೊಟ್ಟಿದ್ದ. ಬೆಳಗಾಗುತ್ತಲೇ "ಈ ಕೋವಿ ನಂಬಿ ಕಾಡಿಗೆ ಬರೂದಿಲ್ಲ ಮಾರಾಯ" ಎಂದು ಹಿಂದೆ ಸರಿದಿದ್ದ. ಸಂಗಯ್ಯ ನಕ್ಕು, ಪೈಪು ತಿರುಗಿಸುವ ಕಬ್ಬಿಣದ ಪಾನಾ ಹೆಗಲಿಗೇರಿಸಿ ಒಬ್ಬನೇ ಹೊರಟಿದ್ದ.

ಕೋವಿಯದ್ದೇ ಒಂದು ರಾಮಾಯಣ. ಅಪ್ಪನ ಕಾಲದ ಕೇಪಿನ ಕೋವಿ ತುಕ್ಕು ತಿಂದಮೇಲೆ ದಿನಕರ ಲೈಸೆನ್ಸಿಗಾಗಿ ವರ್ಷವಿಡೀ ಅಲೆದು, ಬೆಳೆ ಕಾಯಲೆಂದು ಹೊಸ ಜೋಡುನಳಿಗೆಯ ತೋಟಾ ಕೋವಿ ತಂದಿದ್ದ. ಮೊದಲ ತಿಂಗಳು ಹಾರಿಸಿದ್ದೆಲ್ಲ ಢಂ! ದಸರೆ ಕಳೆದದ್ದೇ ತಡ, ಐದು ತೋಟಾದಲ್ಲಿ ಮೂರು 'ಟಿಕ್' ಎಂದು ಸುಮ್ಮನಾದವು. ಕೋವಿ ಮಾರಿದ ಅಂಗಡಿಯವನಿಗೆ ಫೋನಿನಲ್ಲಿ ಬೈದದ್ದು ಸಾಲದೆ, ಊರಲ್ಲಿ ಕಂಡಕಂಡವರ ಮುಂದೆ ಅವನ ಮಾನ ಹರಾಜು ಹಾಕಿದ್ದ.

ಪಕ್ಕದ ಮನೆಯ ಸುಮಂತ ಹಗ್ಗ ಹೊತ್ತು ಓಡಿಬಂದ. "ಅರಣ್ಯ ಇಲಾಖೆಯವ್ಕೆ ಫೋನ್ ಮಾಡಿದ್ದೆ. ಬಪ್ಪಲೆ ಮೂರು ತಾಸು ಬೇಕಡ."

"ಅಲ್ಲಿವರೆಗೆ ಕೂರಲಾಗ್ತಿಲ್ಲೆ. ಆನು ಹೋಗ್ತೆ." ಐದರಲ್ಲಿ ಎರಡಾದರೂ ಹಾರೀತೆಂದು ದಿನಕರ ಕೋವಿ ಕೈಗೆತ್ತಿಕೊಂಡ.

ಹೆಂಡತಿ ಪರಿಮಳಾ ಕಂಬಳಿ ಮಡಚಿ ಹಿಡಿದುಕೊಂಡು ಬಂದಳು. "ಆನೂ ಬತ್ತೆ. ಅವನ ಹೊತ್ಗಂಡು ಬಪ್ಪಲೆ ಇಬ್ರು ಸಾಕಾಗ್ತಿಲ್ಲೆ."

ಮೂವರೂ ಪೈಪಿನ ಜಾಡು ಹಿಡಿದು ಹತ್ತಿದರು. ಕಪ್ಪು ಪೈಪು ಎಲ್ಲೋ ಬೇರುಗಳಡಿ ನುಸುಳುತ್ತಿತ್ತು, ಎಲ್ಲೋ ಮರದಿಂದ ಮರಕ್ಕೆ ಜೋತು ಹಳ್ಳ ದಾಟುತ್ತಿತ್ತು. ಮತ್ತಿ, ನಂದಿ, ಹೊನ್ನೆ ಮರಗಳು ದಟ್ಟವಾದಂತೆ ಬಿಸಿಲು ನೆಲಕ್ಕೆ ಬೀಳುವುದೇ ನಿಂತಿತು. ಕಾಲಡಿ ತರಗೆಲೆ ಜಾರುತ್ತಿತ್ತು. ಒಂದು ಕಡೆ ಹುತ್ತವನ್ನು ಯಾರೋ ಗುದ್ದಲಿಯಿಂದ ಅಗೆದ ಹಾಗೆ ಬಗೆದಿತ್ತು, ಮಣ್ಣಿನ್ನೂ ಹಸಿ. ಅದು ಕರಡಿಯ ಕೆಲಸವೆಂದು ತಿಳಿದು ಮೂವರೂ ಒತ್ತೊತ್ತಾಗಿ ನಡೆದರು. ಮುಂದೆ ಹಂಡೆಗಳನ್ನು ಬೋರಲು ಹಾಕಿದಂಥ ಬಂಡೆಗಳು ಎದ್ದವು. ಅಲ್ಲಿಂದ ಪೈಪು ಬದಲಾಗಿ ಹಳೆಯ ಕಬ್ಬಿಣದ್ದಾಗುತ್ತಿತ್ತು.

"ಸಂಗಯ್ಯಾ!"

"ಇಲ್ಲೇ ಅದೇನ್ರೀ! ಮೆಲ್ಲಕ ಬರ್ರಿ!"

ಎರಡು ಬಂಡೆಗಳ ನಡುವೆ ಅವನ ಕೆಂಪು ಟವೆಲು ಕಂಡಿತು. ಇಪ್ಪತ್ತು ಹೆಜ್ಜೆ ಇರಬಹುದು.

ಅಷ್ಟರಲ್ಲಿ ಗವಿಯ ಬಾಯಿಂದ ಕರಡಿ ಹೊರಬಿತ್ತು.

ಒಮ್ಮೆ ಎದ್ದು ನಿಂತು ಮೂಸಿತು. ಮರುಗಳಿಗೆ ಗುರ್ರೆನ್ನುತ್ತ ಇವರತ್ತಲೇ ಇಳಿಯಿತು.

ದಿನಕರ ಕೋವಿ ಆಕಾಶಕ್ಕೆತ್ತಿ ಕುದುರೆಗೆ ಬೆರಳಿಟ್ಟು ಎಳೆದ.

ಟಿಕ್.

ಎರಡನೆಯದನ್ನು ಎಳೆದ.

ಟಿಕ್.

"ಮರ ಹತ್ತಿ!" ಸುಮಂತ ಕಿರುಚಿದ. ಹತ್ತುವಷ್ಟು ಹತ್ತಿರ ಮರವೇ ಇರಲಿಲ್ಲ.

ಢಣ್! ಢಣ್! ಢಣ್!

ಬಿದ್ದಲ್ಲಿಂದಲೇ ಸಂಗಯ್ಯ ಪಾನಾದಿಂದ ಕಬ್ಬಿಣದ ಪೈಪು ಬಡಿಯುತ್ತಿದ್ದ. "ಏಯ್! ಇತ್ತಾಗ ನೋಡು!" ಕರಡಿ ನಿಂತಿತು. ತಿರುಗಿತು. ಅವನತ್ತ ಹೆಜ್ಜೆ ಹಾಕಿತು.

ದಿನಕರ ಕೋವಿಯನ್ನೇ ದೊಣ್ಣೆಯಂತೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟ. ತಾನು ಬರದೆ ಒಬ್ಬನನ್ನೇ ಕಳಿಸಿದ್ದ ಮನುಷ್ಯ ಈಗ ತನ್ನನ್ನು ಉಳಿಸಲು ಕರಡಿಯನ್ನು ಮೈಮೇಲೆ ಕರೆದುಕೊಳ್ಳುತ್ತಿದ್ದಾನೆ!

"ಕೋವಿ ಇತ್ಲಾಗೆ ಕೊಡಿ!" ಪರಿಮಳಾ ಕಸಿದು ನಳಿಗೆ ಮಡಚಿ ತೋಟಾ ತೆಗೆದಳು. ಅವುಗಳ ಬೆನ್ನಿಗೆ ಪೆಟ್ಟೇ ಸರಿಯಾಗಿ ಬಿದ್ದಿರಲಿಲ್ಲ. ಕೋವಿಯೊಳಗೆ ಇಣುಕಿದಳು. "ಇದೆಂತದು? ಗಂಧ!"

ಆಯುಧ ಪೂಜೆಯ ಗಂಧವೇ. ತೋಟಾ ಕುಟ್ಟುವ ಮೊಳೆಗಳು ಹೊರಬರುವ ಎರಡು ತೂತು ದಿನಕರನಿಗೆ ಎರಡು ಕಣ್ಣಿನಂತೆ ಕಂಡಿದ್ದವು. ದೇವರಿಗೆ ಹಚ್ಚುವ ಭಕ್ತಿಯಿಂದಲೇ ಗಂಧ, ಕುಂಕುಮ ಮೆತ್ತಿದ್ದ. ಪೂಜೆಯ ಗಂಧ ತಾನಾಗಿ ಉದುರಬೇಕು, ಒರೆಸಬಾರದು ಎಂಬುದು ಮನೆಯ ಪದ್ಧತಿ. ಅಪ್ಪನ ಕೋವಿಯ ಮರದ ಹಿಡಿಗೆ ಅದರಿಂದ ಏನೂ ಆಗಿರಲಿಲ್ಲ. ಇಲ್ಲಿ ಒಣಗಿ ಸಿಮೆಂಟಾಗಿ ಕೂತಿತ್ತು.

ಪರಿಮಳಾ ಸೆರಗಿನ ಪಿನ್ನು ಕಿತ್ತು ತೂತುಗಳನ್ನು ಕೆದಕಿದಳು. ಕೆಂಪು ಹಕ್ಕಳೆ ಉದುರಿತು. ಒಮ್ಮೆ ಉಫ್ ಎಂದು ಊದಿದಳು. ದಿನಕರ ಹೊಸ ತೋಟಾ ತುಂಬಿ ಮತ್ತೆ ಆಕಾಶಕ್ಕೆತ್ತಿದ. ಕರಡಿಗೂ ಸಂಗಯ್ಯನಿಗೂ ನಡುವೆ ಮೂರು ಮಾರು ಉಳಿದಿತ್ತು.

ಢಂ!

ಗುಡ್ಡವೆಲ್ಲ ಗುಡುಗಿತು. ಕರಡಿ ಬೆಚ್ಚಿ ಹಿಂದಕ್ಕೆ ಹಾರಿತು.

ಢಂ!

ಅದು ಗವಿಯತ್ತ ಓಡಿತು. ಮರಿಗಳು ತಾಯಿಯ ಬೆನ್ನೇರಿದವು. ಮೂರೂ ಆಚೆಯ ಇಳಿಜಾರಿನಲ್ಲಿ ಮರೆಯಾದವು.

ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಸಂಗಯ್ಯನನ್ನು ಹೊತ್ತು ಇಳಿಯುವಾಗ ಮೂವರ ಭುಜವೂ ಸುಲಿದುಹೋಯಿತು. ಹಳ್ಳದಲ್ಲಿ ಎರಡು ಸಲ ಜಾರಿದರು, ಅವನನ್ನು ಮಾತ್ರ ಬೀಳಿಸಲಿಲ್ಲ. ರಸ್ತೆಗೆ ಬರುವ ಹೊತ್ತಿಗೆ ಇಲಾಖೆಯ ಜೀಪು ಎದುರಾಯಿತು.

ಸಂಜೆ ಶಿರಸಿಯ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರು ಬಿದ್ದಿತ್ತು. ಸಂಗಯ್ಯ ಮೊದಲು ಕೇಳಿದ್ದು, "ಮರಿಗೋಳಿಗೇನೂ ಆಗಲಿಲ್ಲಲ್ರೀ?"

ಎಲ್ಲರ ಎದುರಿಗೇ ದಿನಕರ ಕೋವಿ ಅಂಗಡಿಗೆ ಫೋನು ಹಚ್ಚಿದ. "ನಿಮಗೆ ಬೈದದ್ದಕ್ಕೆ ಕ್ಷಮಿಸಿ. ಕೋವಿ ಚಲೋ ಇದೆ. ನನ್ನ ಭಕ್ತಿ ಜಾಸ್ತಿಯಾಗಿತ್ತು." ಕುಣಿಯಲು ಬಾರದೆ ನೆಲ ಡೊಂಕು ಅಂದವನ ಮುಖ ಕುಂಕುಮದಷ್ಟೇ ಕೆಂಪಾಗಿತ್ತು.

ಫೋನಿಟ್ಟು ಅವನು ಮಂಚದ ತುದಿಯಲ್ಲಿ ಕೂತ. "ಬೆಳಿಗ್ಗೆ ನಾನು ನಿನ್ನ ಜೊತೆ ಬರಬೇಕಿತ್ತು, ಸಂಗಯ್ಯ. ಕೋವಿಗಿಂತ ಮೊದಲು ಕೈಕೊಟ್ಟವನು ನಾನು."

"ಆಮ್ಯಾಲೆ ಬಂದ್ರಲ್ರೀ," ಎಂದ ಸಂಗಯ್ಯ ಅವನ ಕೈ ಹಿಡಿದು. "ಕೋವಿ ಹಾರಲಿಲ್ಲಂದ್ರೂ ಓಡಿ ಹೋಗಲಿಲ್ಲ ನೀವು."

ದಿನಕರನಿಗೆ ಕಣ್ಣು ತುಂಬಿತು. ಮಂಚದ ಕೆಳಗಿದ್ದ ಪಾನಾ ಎತ್ತಿಕೊಂಡು, "ಬಪ್ಪ ದಸರೆಗೆ ಮೊದಲ ಪೂಜೆ ಇದಕ್ಕೇ" ಎಂದು ಹೆಂಡತಿಗೆ ಹೇಳಿದ.

"ಎಷ್ಟು ಬೇಕಾದ್ರೂ ಗಂಧ ಹಚ್ಚಿ," ಎಂದಳು ಪರಿಮಳಾ. "ಅದಕ್ಕೆ ತೂತು ಇಲ್ಲೆ."