ಶೆಫೀಲ್ಡ್ ಚಾಕಿನ ಸ್ಪ್ರಿಂಗು

“ಯಾರ್ರೀ ಈ ಚಾಕಿಗೆ ಒಗ್ಗರಣಿ ಹಾಕಿದ್ದು?”

ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಸಿದ್ದಬಸಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದ್ದು ಅವ್ವನನ್ನು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತ ಒಳಗೆ ಹೋಗಿಬಿಟ್ಟಳು. ಬಾಗಿಲ ಮರೆಯಲ್ಲಿ ನಿಂತಿದ್ದ ನಾನೇ ಉತ್ತರ ಹೇಳಬೇಕಾಯಿತು.

“ನಾನಽ ಹಾಕೀನಿ. ಯಾಕ?”

ಅವರು ತಲೆಯೆತ್ತಿದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಫಿಟ್ಟರ್. ಅಂಗಿಯ ತೋಳಿನ ಮೇಲೆ ಹತ್ತಿಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು. ನನ್ನನ್ನು ನೋಡಿ ಕ್ಷಣ ಗಾಬರಿಯಾದರು. ಆಮೇಲೆ ಗಾಬರಿಯನ್ನು ಬಚ್ಚಿಡಲು ಚಾಕನ್ನು ಮೂಗಿಗೆ ಹಿಡಿದರು.

“ಶೇಂಗಾ ಎಣ್ಣಿ. ಹೌದಲ್ರೀ?”

“ಹೌದು.”

“ಸಾಸಿವಿ, ಕರಿಬೇವು ಅಷ್ಟಽ ಬಾಕಿ ಅದಾವ.”

ಅದು ನಲವತ್ತೆರಡನೇ ಇಸವಿಯ ಬೇಸಿಗೆ. ಜಪಾನಿನವರು ಬಾಂಬು ಹಾಕುತ್ತಾರೆಂದು ಮದರಾಸು ಖಾಲಿಯಾಗುತ್ತಿತ್ತು. ಅಲ್ಲಿ ಇಂಟರ್ ಓದುತ್ತಿದ್ದ ನಾನು ಟ್ರಂಕು ಕಟ್ಟಿಕೊಂಡು ನಮ್ಮೂರು ಆದೋನಿಗೆ ಬಂದಿದ್ದೆ. ಮನೆಯಲ್ಲಿ ಕೆಲಸವಿಲ್ಲದೆ ಕೂರುವುದು ಬೇಸರವಾಗಿ ಅಪ್ಪನ ಚಾಕಿನ ಉಸ್ತುವಾರಿ ವಹಿಸಿಕೊಂಡೆ.

ಅಪ್ಪ ಕೊಟ್ರಬಸಪ್ಪ ಹತ್ತಿ ವ್ಯಾಪಾರಿ. ಬಂಡಿಯಿಂದ ಇಳಿದ ಅಂಡಿಗೆಯ, ಅಂದರೆ ಹತ್ತಿ ಮೂಟೆಯ, ಗೋಣಿಯನ್ನು ಸೀಳಿ, ಒಳಗಿಂದ ಒಂದು ಹಿಡಿ ಹತ್ತಿ ಎಳೆದು, ಎಳೆಯ ಉದ್ದ ನೋಡಿ ದರ ಹೇಳುವುದು ಅವನ ಕೆಲಸ. ಆ ಸೀಳುವ ಕೆಲಸಕ್ಕೆ ಆದೋನಿಯ ಪ್ರತಿಯೊಬ್ಬ ವ್ಯಾಪಾರಿಯ ಜೇಬಿನಲ್ಲೂ ಮಡಚುವ ಚಾಕು ಇರುತ್ತಿತ್ತು. ಅಪ್ಪನದು ಶೆಫೀಲ್ಡಿನದು. ಜಿಂಕೆ ಕೊಂಬಿನ ಹಿಡಿ, ಒಳಗೆ ಹಿತ್ತಾಳೆಯ ತಗಡು, ಉಕ್ಕಿನ ಒಂದೇ ಅಲಗು. ತೆರೆದರೆ ‘ಟಕ್’ ಎಂದು ನಿಲ್ಲುತ್ತಿತ್ತು. ಯುದ್ಧ ಶುರುವಾದ ಮೇಲೆ ಅಂಥದು ಇನ್ನೊಂದು ಬರುವಂತಿರಲಿಲ್ಲ.

ನಾನು ನಿಷ್ಠೆಯಿಂದ ದಿನಾ ಸಂಜೆ ಅದಕ್ಕೆ ಅಡುಗೆಮನೆಯ ಎಣ್ಣೆ ಸುರಿದೆ. ಒಂದು ದಿನ ಮಾರ್ಕೆಟ್ಟಿನಲ್ಲಿ ಅಪ್ಪ ಅಂಡಿಗೆ ಸೀಳಿ ಹತ್ತಿ ತೆಗೆದರೆ ಬಿಳಿಯ ಮೇಲೆ ಹಳದಿ ಕಲೆ. ಸುತ್ತ ನಿಂತವರು, “ಸಾವುಕಾರ್ರು ಹತ್ತೀನ ಹುರಿದು ತಿನ್ನಾಕ ಹೊಂಟಾರ” ಎಂದು ನಕ್ಕರಂತೆ. ಅಪ್ಪ ನನಗೇನೂ ಅನ್ನಲಿಲ್ಲ. ಚಾಕನ್ನು ಈ ಫಿಟ್ಟರ್ ಕೈಗೆ ಕೊಟ್ಟು ಮನೆಗೆ ಕಳಿಸಿದ.

“ಇಂಟರ್ ಓದಿದವರಿಗೆ ನಾ ಹೇಳೋದೇನೈತಿ,” ಎಂದು ಶುರುಮಾಡಿ ಸಿದ್ದಬಸಪ್ಪ ಎಲ್ಲವನ್ನೂ ಹೇಳಿದರು. ತಿನ್ನುವ ಎಣ್ಣೆ ಗಾಳಿಗೆ ಅಂಟಾಗುತ್ತದೆ. ಅಂಟಿಗೆ ಹತ್ತಿಯ ಎಳೆ ಹಿಡಿದು ಕೀಲು ಬಿಗಿಯುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ಅದ್ದಿ, ಜಾಲಿ ಮುಳ್ಳಿನಿಂದ ಒಳಗಿನ ಕಸ ಕೆದಕಿ, ಬಿಸಿಲಿಗೆ ಇಡಬೇಕು. ಒಣಗಿದ ಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ, ಸೂಜಿಯ ತುದಿಯಲ್ಲಿ ಒಂದೇ ಹನಿ, ಕೀಲಿಗೆ ಮಾತ್ರ. ಹತ್ತು ಸಲ ತೆರೆದು ಮುಚ್ಚಿ, ಹೊರಗೆ ಬಂದದ್ದನ್ನೆಲ್ಲ ಒರೆಸಬೇಕು.

“ಒರೆಸಿದ್ದು ಸಾಕಾತೋ ಇಲ್ಲೋ ಹೆಂಗ ಗೊತ್ತಾಗಬೇಕು?”

ಅವರು ತೋಳಿನ ಮೇಲಿದ್ದ ಹತ್ತಿಯನ್ನು ಬಿಡಿಸಿ ಅಲಗಿಗೆ ಉಜ್ಜಿ, ಕಟ್ಟೆಯ ಮೇಲೆ ನನ್ನ ಕಡೆಗೆ ಇಟ್ಟರು. ಬೆಳ್ಳಗೇ ಇತ್ತು.

“ಹಿಂಗ ಬೆಳ್ಳಗ ಉಳಿದ್ರ ಪಾಸು,” ಅಂದರು. ನಗಲಿಲ್ಲ. ಆದರೆ ಎದ್ದು ಹೋಗುವಾಗ ಮೆಟ್ಟಿಲ ಮೇಲೆ ಸುಮ್ಮನೆ ಒಮ್ಮೆ ತಿರುಗಿ ನೋಡಿದರು. ಮರೆತುಹೋದ ಸಾಮಾನೇನೂ ಅಲ್ಲಿರಲಿಲ್ಲ.

ಆಮೇಲೆ ಆ ಚಾಕು ಮೇಲಿಂದ ಮೇಲೆ ಕೆಡತೊಡಗಿತು. ಒಂದು ವಾರ ಸಾಣೆ ಸಾಲದಾಯಿತು. ಇನ್ನೊಂದು ವಾರ ಅಲಗು ಅತ್ತಿತ್ತ ಅಲುಗಾಡುತ್ತದೆ ಎಂದು ನನಗೆ ಅನಿಸಿತು. ಮಿಲ್ಲಿನ ಸೈರನ್ ಆದ ಮೇಲೆ ಸಿದ್ದಬಸಪ್ಪ ಬಂದು ಕಟ್ಟೆಯ ಮೇಲೆ ಕೂರುವರು. ಅವ್ವ ಒಳಗಿಂದ ಮಜ್ಜಿಗೆ ಕೊಟ್ಟು ಕಳಿಸುವಳು. ನಾನು ಬಾಗಿಲ ಮರೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಕಂಬಕ್ಕೆ ಬಂದು ನಿಂತಿದ್ದೆ.

“ಅಲಗು ಎಲ್ಲಿ ಅಲುಗತೈತ್ರಿ?” ಎಂದು ಅವರು ಒಮ್ಮೆ ಕೇಳಿದರು.

“ನಿನ್ನೆ ಅಲುಗತಿತ್ತು.”

“ಇವತ್ತು?”

“ಇವತ್ತು ನೀವು ಬರ್ತೀರಂತ ಹೆದರಿ ಸುಮ್ಮನಾಗೈತಿ.”

ಅವರು ಚಾಕಿನ ಮೇಲೆ ಬಗ್ಗಿದರು. ಮುಖ ಕಾಣಲಿಲ್ಲ, ಕಿವಿ ಮಾತ್ರ ಕೆಂಪಾದದ್ದು ಕಂಡಿತು.

ಅವರಲ್ಲಿ ನಾನು ಮೊದಲು ಗಮನಿಸಿದ್ದು ಕೈಗಳನ್ನು. ಕೊಡುವಾಗ ಚಾಕನ್ನು ಮಡಚಿ, ಹಿಡಿಯನ್ನು ಎದುರಿನವರ ಕಡೆ ಮಾಡಿ ಕೊಡುತ್ತಿದ್ದರು. ಮಜ್ಜಿಗೆ ಲೋಟ ಎತ್ತುವ ಮೊದಲು ಬೆರಳುಗಳನ್ನು ಧೋತರದ ಅಂಚಿಗೆ ಒರೆಸುತ್ತಿದ್ದರು. ಅವ್ವನ ಹಿತ್ತಾಳೆ ಲೋಟಕ್ಕೆ ಒಂದು ದಿನವೂ ಮಿಲ್ಲಿನ ಎಣ್ಣೆ ತಗುಲಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಚಾಕು ತೆರೆದವಳು ಹಾಗೇ ನಿಂತೆ. ಮರುದಿನ ಅವರು ಬಂದಾಗ ಹೇಳಿಬಿಟ್ಟೆ.

“ಚಾಕು ಮೆತ್ತಗಾಗೈತಿ. ಮೊದಲು ‘ಟಕ್’ ಅಂತಿತ್ತು. ಈಗ ‘ಟಪ್’ ಅಂತೈತಿ. ಈ ಸಲ ಸುಳ್ಳಲ್ಲ.”

ಅವರು ನನ್ನನ್ನು ನೇರವಾಗಿ ನೋಡಿದರು. “ಮಿಲ್ಲಿನಾಗ ಆರು ಮಂದಿ ಫಿಟ್ಟರ್ ಅದಾರ. ಒಬ್ಬನಿಗೂ ಇದು ಕೇಳಿಸ್ತಿದ್ದಿಲ್ಲ,” ಅಂದರು. ಒಳಗೆ ಅವ್ವನ ಬಳೆಯ ಸದ್ದು ದೂರವಿದೆಯೆಂದು ಖಾತ್ರಿ ಮಾಡಿಕೊಂಡು ದನಿ ಇಳಿಸಿದರು. “ಹೋದ ವಾರ ಸ್ಪ್ರಿಂಗು ಬಿಚ್ಚಿ, ಅರ ಹಾಕಿ ಸ್ವಲ್ಪ ತೆಳ್ಳಗ ಮಾಡೀನಿ. ಬೇಕಂತನಽ.”

“ಯಾಕ?”

“ಅಲಗಿನ ಮ್ಯಾಲೆ ಉಗುರು ಹಾಕಿ ಎತ್ತಾಕ ಒಂದು ಗೀರು ಐತಲ್ರಿ, ಅಲ್ಲಿ ಅಷ್ಟಽ ತುಕ್ಕು ಬರ್ತಿತ್ತು. ಬ್ಯಾರೆ ಎಲ್ಲೂ ಇಲ್ಲ. ನೀವು ಒರೆಸೋದರಾಗ ತಪ್ಪಿಲ್ಲ. ಆಮ್ಯಾಲೆ ಮಾರ್ಕೆಟ್ಟಿನಾಗ ನೋಡಿದೆ. ಅಪ್ಪಾರು ಅಂಡಿಗಿ ಹಿಂದ ಹೋಗಿ, ಯಾರೂ ನೋಡಲಾರದಂಗ, ಹಲ್ಲಿಂದ ಕಚ್ಚಿ ಚಾಕು ತೆಗೀತಾರ. ಎಂಜಲಿಗೆ ಆ ತುಕ್ಕು. ಹೆಬ್ಬೆಟ್ಟಿನಾಗ ಶಕ್ತಿ ಇಲ್ಲ. ಕೈ ನಡುಗತೈತಿ.”

ನಾನು ಕಂಬಕ್ಕೆ ಒರಗಿದೆ. ದಿನಾ ಅಪ್ಪನ ತಟ್ಟೆಗೆ ಬಡಿಸುವವಳು ನಾನು. ಅವನು ಈಚೆಗೆ ರೊಟ್ಟಿಯನ್ನು ಮುರಿಯದೆ ಹಾಲಿನಲ್ಲಿ ನೆನೆಸುತ್ತಿದ್ದುದು ಆಗ ನೆನಪಾಯಿತು.

“ಒಂದಽ ಮನಿಯಾಗ ಇದ್ದು ನನಗ ಗೊತ್ತಾಗಲಿಲ್ಲ.”

“ಮನೀ ಮಂದಿ ಮುಖ ನೋಡ್ತಾರ. ನಾ ಚಾಕು ನೋಡೀನಿ, ಅಷ್ಟಽ,” ಅಂದರು. “ಯಾರಿಗೂ ಹೇಳಬ್ಯಾಡ್ರಿ. ಕೈ ಹೋಗೈತಿ ಅಂತ ಗೊತ್ತಾದ್ರ ಮಾರ್ಕೆಟ್ಟಿನಾಗ ನಾಳಿಂದನಽ ಮುದುಕ ಅಂತಾರ.”

ನನ್ನ ಮನಸ್ಸು ಅವರದಾದದ್ದು ಯಾವಾಗ ಎಂದು ಕೇಳಿದರೆ, ಆ ಸಂಜೆ.

ಅವರು ಎದ್ದರು. ಮೆಟ್ಟಿಲು ಇಳಿಯಲಿಲ್ಲ.

“ಹತ್ತಿ ಸೀಜನ್ ಮುಗಿಯೋದರೊಳಗ ಅಪ್ಪಾರನ್ನ ಒಂದು ಮಾತು ಕೇಳಬೇಕಂತ ಮಾಡೀನಿ.”

“ಏನು, ಸಾಣಿ ಹಿಡಿಯೋದೇನು?”

“ನಿಮ್ಮನ್ನ.”

ಉತ್ತರವಾಗಿ ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಓಡಿದೆ. ಓಡುವಾಗ ನಕ್ಕೆ, ಅದು ಅವರಿಗೆ ಕೇಳಿಸಿತಂತೆ.

ಅವರೂ ನಮ್ಮಂತೆ ಲಿಂಗವಂತರೇ, ಗೋನೆಗಂಡ್ಲದ ಒಕ್ಕಲು ಮನೆತನ. ಆದರೆ ಮಿಲ್ಲಿನ ಫಿಟ್ಟರನಿಗೆ ಹತ್ತಿ ಸಾವುಕಾರರು ಮಗಳನ್ನು ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಅದೂ ಅಲ್ಲದೆ ರಾಯಚೂರಿನಿಂದ ಒಂದು ಸಂಬಂಧ ಬಂದಿತ್ತು. ಅರಳೆ ಅಂಗಡಿಯ ಮನೆ. ತಂದದ್ದು ಅವ್ವನ ಅಣ್ಣ ಉಚ್ಚೀರಪ್ಪ ಮಾವ. ಸೀಜನ್ ಮುಗಿದ ಕೂಡಲೇ ತಿಳಿಸುತ್ತೇನೆಂದು ಅಪ್ಪ ರಾಯಚೂರಿನವರಿಗೆ ಹೇಳಿಕಳಿಸಿದ್ದ. ಸೀಜನ್ ಮುಗಿಯಲು ಇನ್ನು ಎರಡು ವಾರ ಉಳಿದಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಉಚ್ಚೀರಪ್ಪ ಮಾವ ಅಪ್ಪನನ್ನು ಟಾಂಗಾದಲ್ಲಿ ಕರೆತಂದ. ಅಪ್ಪನ ಬಲಗೈಗೆ ಸುತ್ತಿದ ಟವೆಲ್ಲು ಕೆಂಪಾಗಿತ್ತು. ಕೌತಾಳಂ ಕಡೆಯ ಅಂಡಿಗೆ, ಗಿಡಿದು ತುಂಬಿದ್ದು, ಕಲ್ಲಿನಂತಿತ್ತಂತೆ. ಅಪ್ಪ ಚಾಕಿನ ತುದಿಯನ್ನು ಒತ್ತಿ ಚುಚ್ಚಿದಾಗ ಅಲಗು ನಿಲ್ಲದೆ ಹಿಂದಕ್ಕೆ ಮಡಚಿ ತೋರುಬೆರಳಿನ ಮೇಲೆ ಬಿದ್ದಿತು. ಡಾಕ್ಟರು ನಾಲ್ಕು ಹೊಲಿಗೆ ಹಾಕಿದ್ದರು.

ನನಗೆ ತಕ್ಷಣ ತಿಳಿಯಿತು. ತೆಳುವಾದ ಸ್ಪ್ರಿಂಗು ತೆರೆಯಲು ಹಗುರ. ಹಾಗೆಯೇ ಮುಚ್ಚಲೂ ಹಗುರ.

ಅಪ್ಪನನ್ನು ನೋಡಲು ಮಾರ್ಕೆಟ್ಟಿನ ಇಬ್ಬರು ವ್ಯಾಪಾರಿಗಳು ಬಂದು ಪಡಸಾಲೆಯಲ್ಲಿ ಕೂತರು. ಮಾವ ನನ್ನ ಕಡೆ ತಿರುಗಿದ.

“ಎಲ್ಲಾ ಈ ನಾಗಮ್ಮಂದಽ ಕೆಲಸ. ದಿನಾ ಎಣ್ಣಿ, ದಿನಾ ಎಣ್ಣಿ. ಚಾಕೇನು ಕೂಸೇನು, ಎಣ್ಣಿ ಹಚ್ಚಿ ಎರಿಯಾಕ?”

“ಹೌದು ಮಾವಾ, ನಂದಽ ತಪ್ಪು,” ಅಂದೆ. ಬೇರೆ ಏನು ಹೇಳಿದರೂ ಅದು ಸಿದ್ದಬಸಪ್ಪನವರ ಮೇಲೋ ಅಪ್ಪನ ಕೈಯ ಮೇಲೋ ಹೋಗಿ ನಿಲ್ಲುತ್ತಿತ್ತು.

“ಅವರದೇನೂ ತಪ್ಪಿಲ್ರಿ.”

ಸಿದ್ದಬಸಪ್ಪ ಬಾಗಿಲಲ್ಲಿ ನಿಂತಿದ್ದರು. ಸುದ್ದಿ ಕೇಳಿ ಮಿಲ್ಲಿನಿಂದ ಓಡಿ ಬಂದಿದ್ದರು, ಎದೆ ಏರಿಳಿಯುತ್ತಿತ್ತು.

“ಸ್ಪ್ರಿಂಗು ನಾ ತೆಳ್ಳಗ ಮಾಡಿದ್ದೆ. ಲೆಕ್ಕ ತಪ್ಪೇತಿ.”

ಸಿಟ್ಟು ಬಂದರೆ ಮಾವನ ಬಾಯಲ್ಲಿ ತೆಲುಗು ಬರುತ್ತಿತ್ತು. “ಏಮಯ್ಯಾ! ಎವರು ಚೆಪ್ಪಿನಾರು ನೀಕು? ಯಾರು ಹೇಳಿದ್ರು ನಿನಗ ತೆಳ್ಳಗ ಮಾಡಂತ?”

“ಯಾರೂ ಹೇಳಿಲ್ರಿ.”

“ಮತ್ತ ಯಾಕ ಮುಟ್ಟಿದಿ?”

ನಾನು ಬಾಯಿ ತೆರೆದೆ. ಅಪ್ಪನ ಕೈಯ ಬಗ್ಗೆ ಒಂದೇ ಒಂದು ಮಾತು ಹೇಳಿದ್ದರೆ ಅವರು ತಪ್ಪಿಸಿಕೊಳ್ಳುತ್ತಿದ್ದರು. ಅವರು ನನ್ನನ್ನು ನೋಡಿದರು. ಕಣ್ಣಿನಲ್ಲಿ ಬೇಡಿಕೆಯೇನೂ ಇರಲಿಲ್ಲ. ಬೇಡ ಎನ್ನುವಂತೆ ರೆಪ್ಪೆಯನ್ನು ನಿಧಾನವಾಗಿ ಒಮ್ಮೆ ಮುಚ್ಚಿದರು, ಅಷ್ಟೇ. ನಾನು ಬಾಯಿ ಮುಚ್ಚಿದೆ.

“ಬಿಗಿ ಐತಿ ಅಂತ ನನಗಽ ಅನಿಸಿತ್ತು. ನನ್ನ ದಡ್ಡತನ,” ಅಂದರು ಮಾವನಿಗೆ.

“ಇನ್ನ ಈ ಕಟ್ಟಿ ಹತ್ತಬ್ಯಾಡ,” ಎಂದ ಮಾವ. ವ್ಯಾಪಾರಿಗಳು ತಲೆಯಾಡಿಸಿದರು.

ಅಪ್ಪ ಸಿದ್ದಬಸಪ್ಪನವರನ್ನೇ ನೋಡುತ್ತಿದ್ದ, ಅಂಡಿಗೆಯಿಂದ ತೆಗೆದ ಎಳೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

“ಉಚ್ಚೀರಪ್ಪ, ಕಟ್ಟಿ ನಂದು,” ಅಂದ. ಎಡಗೈಯಿಂದ ಚಾಕನ್ನು ಮುಂದೆ ಚಾಚಿದ. “ಹೊಸಾ ಸ್ಪ್ರಿಂಗು ಮಾಡಾಕ ಬರ್ತೈತೇನು ನಿನಗ?”

“ಬರ್ತೈತ್ರಿ. ಎಂಟು ದಿನ ಬೇಕು.”

“ಮಾಡು.”

ಆ ಎಂಟು ದಿನ ಅವರು ನಮ್ಮ ಬೀದಿಗೆ ಬರಲಿಲ್ಲ. ಮಾವ ಮಾತ್ರ ಎರಡು ಸಲ ಬಂದು ರಾಯಚೂರಿನವರು ಕಾಯುತ್ತಿದ್ದಾರೆಂದು ನೆನಪಿಸಿದ. ಅವ್ವ ನನ್ನ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕಿದಳು. ನಾನು ಮಡಚಿ ಇಟ್ಟೆ. ಆ ಚಾಕು ಇಲ್ಲದ ಸಂಜೆಗಳಲ್ಲಿ ನನ್ನ ಕೈಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ.

ಒಂಬತ್ತನೇ ದಿನ ಭಾನುವಾರ, ಬೆಳಿಗ್ಗೆ ಅವರು ಬಂದರು. ಒಗೆದ ಅಂಗಿ ಹಾಕಿದ್ದರು. ಪಡಸಾಲೆಯಲ್ಲಿ ಅಪ್ಪ ಒಬ್ಬನೇ ಇದ್ದ. ನಾನು ಕಂಬದ ಹತ್ತಿರ ಇದ್ದೆ.

“ಮುರಿದ ಗರಗಸದ ಉಕ್ಕು ತಂದು ಮಾಡೀನ್ರಿ. ಕಾಯಿಸಿ ನೀಲಿ ಬಣ್ಣ ಬಂದ ಮ್ಯಾಲೆ ಎಣ್ಣಿಯಾಗ ಅದ್ದೀನಿ. ಹಳೇದಕ್ಕಿಂತ ಬಿಗಿ ಐತಿ. ಎಷ್ಟು ಒತ್ತಿದ್ರೂ ಮಡಚಂಗಿಲ್ಲ.”

ಅಪ್ಪನ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಇನ್ನೂ ಬಿಗಿ. ಅಂದರೆ ಮತ್ತೆ ಅಂಡಿಗೆಯ ಹಿಂದೆ, ಮತ್ತೆ ಹಲ್ಲು.

ಸಿದ್ದಬಸಪ್ಪ ಚಾಕನ್ನು ಹೊರಳಿಸಿ ಹಿಡಿದರು. ಕೊಂಬಿನ ಹಿಡಿಯ ಎರಡೂ ಬದಿಗೆ, ಅಲಗಿನ ನಡುಭಾಗಕ್ಕೆ ಸರಿಯಾಗಿ, ಅರ್ಧಚಂದ್ರಾಕಾರವಾಗಿ ಕೊರೆದಿದ್ದರು. ಅಂಚುಗಳನ್ನು ನುಣ್ಣಗೆ ಉಜ್ಜಿದ್ದರು. ಅಲ್ಲಿ ಮಡಚಿದ ಅಲಗಿನ ಬೆನ್ನು ಬೆರಳಿಗೆ ಸಿಗುವಷ್ಟು ಹೊರಗೆ ಕಾಣುತ್ತಿತ್ತು.

“ಉಗುರು ಬ್ಯಾಡ್ರಿ. ಎರಡು ಬೆರಳಿನಾಗ ಚಿವುಟಿ ಎಳೆದ್ರ ಸಾಕು. ಈಗ ದೊಡ್ಡ ದೊಡ್ಡ ಚಾಕು ಹಿಂಗಽ ಬರ್ತಾವಂತ,” ಅಂದರು. ಕೊನೆಯ ಮಾತು ಸುಳ್ಳು ಎಂದು ಮೂವರಿಗೂ ತಿಳಿದಿತ್ತು.

ಅಪ್ಪ ಬ್ಯಾಂಡೇಜಿನ ಬೆರಳನ್ನು ಬಿಟ್ಟು, ಹೆಬ್ಬೆರಳು ಮತ್ತು ನಡುಬೆರಳಿನಿಂದ ಅಲಗನ್ನು ಹಿಡಿದು ಎಳೆದ. ಟಕ್. ಮುಚ್ಚಿದ. ಮತ್ತೆ ಎಳೆದ. ಟಕ್. ಐದಾರು ಸಲ ಮಾಡಿದ. ಆಮೇಲೆ ಕೇಳಿದ:

“ಅವತ್ತು ಅಷ್ಟು ಮಂದಿ ಮುಂದ ಯಾಕ ಬೈಸಿಕೊಂಡಿ?”

“ತಪ್ಪು ನಂದಽ ಇತ್ತಲ್ರಿ.”

“ಸ್ಪ್ರಿಂಗಿಂದು ನಿನ್ನ ತಪ್ಪು. ಬ್ಯಾರೆದು?”

“ಬ್ಯಾರೆದು ನನಗೇನೂ ಗೊತ್ತಿಲ್ರಿ, ಸಾವುಕಾರ್ರ.”

ಅಪ್ಪ ಚಾಕನ್ನು ಜೇಬಿಗೆ ಇಳಿಸಿದ. ಸಿದ್ದಬಸಪ್ಪ ನಿಂತೇ ಇದ್ದರು. ಕೊನೆಗೆ, “ಸಾವುಕಾರ್ರ, ನಾ ಒಂದು ಕೇಳಬೇಕಂತ...” ಅಂದವರು ಅಲ್ಲಿಗೇ ನಿಂತರು.

“ಇಪ್ಪತ್ತು ವರ್ಷ ಕೆಡಲಾರದ ಚಾಕು ಈ ಎರಡು ತಿಂಗಳಾಗ ಎಂಟು ಸಲ ಕೆಟ್ಟೇತಿ,” ಅಂದ ಅಪ್ಪ. “ನನ್ನ ಕೈಯಾಗ ಶಕ್ತಿ ಇರಲಿಕ್ಕಿಲ್ಲ. ಕಣ್ಣು ಸರಿ ಅದಾವ. ಕುಂದ್ರು.”

ಸಿದ್ದಬಸಪ್ಪ ಕೂತರು. ಒಳಗೆ ಅವ್ವನ ಬಳೆಯ ಸದ್ದು ನಿಂತುಹೋಯಿತು.

“ನಾಗಮ್ಮಾ, ಕಾಗದ, ಪೆನ್ನು ತಗೊಂಡು ಬಾ. ರಾಯಚೂರಿಗೆ ಬರೀಬೇಕು. ನನಗ ಇನ್ನ ಬರಿಯಾಕ ಆಗಂಗಿಲ್ಲ.”

ಅಪ್ಪ ತನ್ನ ಕೈಯ ಸುದ್ದಿಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೂ ಹೊರಗಿನವರ ಎದುರಿಗೆ. ನಾನು ನೆಲದ ಮೇಲೆ ಕೂತು, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಗದ ಹರಡಿದೆ.

“ಬರಿ. ನಿಮ್ಮ ಮನೆತನದ ಮೇಲೆ ನಮಗೆ ಗೌರವ ಇದೆ. ಆದರೆ ನಮ್ಮ ಹುಡುಗಿಗೆ ಇಲ್ಲೇ ಆದೋನಿಯಲ್ಲಿ ವರ ಗೊತ್ತಾಗಿದೆ. ತಪ್ಪು ತಿಳಿಯಬಾರದು.”

ಬರೆದೆ. ‘ಗೊತ್ತಾಗಿದೆ’ ಎಂಬಲ್ಲಿ ನಿಬ್ಬು ಕಾಗದಕ್ಕೆ ಸಿಕ್ಕಿಕೊಂಡಿತು.

“ವರ ಯಾರು ಅಂತ ಬರೀಬೇಕಲ್ಲ,” ಅಂದ ಅಪ್ಪ.

“ಫಿಟ್ಟರ್...” ಎಂದು ಸಿದ್ದಬಸಪ್ಪ ತಾವೇ ಸಣ್ಣ ದನಿಯಲ್ಲಿ ಶುರುಮಾಡಿದರು. ಊರಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ.

“ಫಿಟ್ಟರ್ ಅಂತ ಬ್ಯಾಡ. ಗೋನೆಗಂಡ್ಲದ ಚಿರಂಜೀವಿ ಸಿದ್ದಬಸಪ್ಪ ಅಂತ ಬರಿ, ಮಗಳ.”

ಅಷ್ಟು ಉದ್ದದ ಹೆಸರನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಎದುರಿಗೆ ಅವರು ಉಸಿರು ಹಿಡಿದು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಅಕ್ಷರಗಳು ಓರೆಯಾದವು, ಮಸಿ ಹರಡಿತು. ಅಪ್ಪ ಬಗ್ಗಿ ಕಾಗದವನ್ನು ನೋಡಿದ, ಆಮೇಲೆ ನನ್ನ ಬೆರಳುಗಳನ್ನು ನೋಡಿದ.

“ಇದೇನು,” ಅಂದ, “ನನ್ನ ಕೈಗಿಂತ ನಿನ್ನ ಕೈನಽ ಜಾಸ್ತಿ ನಡುಗಾಕ ಹತ್ತೇತಲ್ಲ!”