ಯಾವುದಕ್ಕೆ ಕಾರಣ?

ಬೆಳಿಗ್ಗೆ ಬಾಗಿಲು ತೆರೆದ ಆಯಾಳ ಕಿರುಚಾಟ ಶಾಲೆಯ ಮೂರೂ ಅಂತಸ್ತಿಗೆ ಕೇಳಿಸಿತು. ಶಿಕ್ಷಕರ ಕೋಣೆಯಲ್ಲಿ ಇಂಗ್ಲಿಷ್ ಟೀಚರ್ ಮೇಜಿಗೆ ತಲೆಯೊರಗಿಸಿ ಕೂತಿದ್ದರು. ಮೈ ತಣ್ಣಗಾಗಿತ್ತು. ಚಹಾದ ಲೋಟದ ತಳದಲ್ಲಿ ವಿಷದ ಗಸಿ. ಅದರಡಿ ಅವರದೇ ದುಂಡಕ್ಷರದ ಚೀಟಿ.

‘ಬಿಕಾಸ್ ಐ ಕೆನಾಟ್ ಲಿವ್ ವಿತ್ ದಿಸ್ ಎನಿಮೋರ್.’ ಏಕೆಂದರೆ ಇನ್ನು ಇದನ್ನು ಹೊತ್ತು ಬದುಕಲಾರೆ. ಅಷ್ಟೇ.

“ಪಾಪ, ಗಂಡ ಹೋದ್ಮೇಲೆ ಮಂಕಾಗಿದ್ರು,” ಎಂದು ಹೆಡ್‌ಮಾಸ್ಟರ್ ಕಣ್ಣೊರೆಸಿಕೊಂಡರು.

ಇನ್ಸ್‌ಪೆಕ್ಟರ್ ಚೀಟಿಯನ್ನು ಇನ್ನೊಮ್ಮೆ ಓದಿದ. ಅವನು ಇಂಗ್ಲಿಷ್ ಕಲಿತದ್ದು ಇದೇ ಟೀಚರ ಹತ್ತಿರ. ಕಲಿತದ್ದಕ್ಕಿಂತ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ತನ್ನ ಕಾಲ ಮೇಲೆ ತಾನು ನಿಲ್ಲುವ ವಾಕ್ಯ ಯಾವುದು, ಇನ್ನೊಂದರ ತೋಳು ಹಿಡಿದು ನಿಲ್ಲುವ ಉಪವಾಕ್ಯ ಯಾವುದು ಎಂದು ಬೇರ್ಪಡಿಸುವವರೆಗೆ ಇಳಿಯುವಂತಿರಲಿಲ್ಲ. ‘ಬಿಕಾಸ್’ ಎಂದು ಶುರುಮಾಡಿ ಅಷ್ಟಕ್ಕೇ ಚುಕ್ಕೆಯಿಟ್ಟರೆ ಟೀಚರ್ ಕೆಂಪು ಶಾಯಿಯಲ್ಲಿ ಕೇಳುತ್ತಿದ್ದರು: ‘ಯಾವುದಕ್ಕೆ ಕಾರಣ?’

ಅಂಥವರು ಸಾಯುವಾಗ ಅರ್ಧ ವಾಕ್ಯ ಬರೆದಾರೆಯೇ?

* * *

“ನಿನ್ನೆ ಬೆಳಿಗ್ಗೆ ಅಕ್ಕನ ಜೊತೆ ಜಗಳ ಆಡ್ದೆ ಸರ್,” ಟೀಚರ ತಂಗಿ ಬಿಕ್ಕಿದಳು. “ರಾತ್ರಿ ಮನೆಗೆ ಬರ್ದಿದ್ದಾಗ ಕೋಪ ಅನ್ಕೊಂಡೆ. ನನ್ನಿಂದ್ಲೇ ಹೀಗಾಯ್ತೇನೋ.”

“ಯಾತಕ್ಕೆ ಜಗಳ?”

“ಸ್ಕೂಲಿಗೆ ಬೆಂಕಿ ಬಿದ್ದ ಹಳೇ ವಿಷ್ಯ ಹೇಳ್ಬಿಡ್ತೀನಿ ಅಂದ್ಳು. ಆಗಿದ್ದಾಯ್ತು, ಸುಮ್ನಿರು ಅಂದೆ.”

“ಏನಾದ್ರೂ ಬರೆದಿದ್ರಾ?”

ಅವಳು ಅಕ್ಕನ ಕೋಣೆಯ ಕಸದ ಬುಟ್ಟಿಯಿಂದ ಹಳೆಯ ಉತ್ತರಪತ್ರಿಕೆಯೊಂದನ್ನು ತಂದಳು. ಹಿಂಬದಿಯಲ್ಲಿ ಕರಡು ಪತ್ರವಿತ್ತು. ಓದುತ್ತ ಓದುತ್ತ ಇನ್ಸ್‌ಪೆಕ್ಟರ್ ಕುರ್ಚಿ ಹುಡುಕಿ ಕೂತ.

* * *

“ಚೀಟಿ ಪೂರ್ತಿ ಹಾಳೆಗಿಂತ ನಾಲ್ಕು ಬೆರಳು ಗಿಡ್ಡ ಇದೆ,” ಎಂದ, ಹೆಡ್‌ಮಾಸ್ಟರರ ಎದುರು. “ಮೇಲಿನ ಸಾಲು ಕತ್ತರಿಸಿದೀರಿ. ಟೀಚರ ಕರಡಲ್ಲಿ ಅದು ಹಾಗೇ ಇದೆ: ‘ಬೆಂಕಿಯ ನಿಜವನ್ನು ಕೋರ್ಟಿಗೆ ಹೇಳುತ್ತೇನೆ.’ ಪ್ರಧಾನ ವಾಕ್ಯ ಅದು. ‘ಬಿಕಾಸ್’ ಅದರ ಬಾಲ.”

“ದುಃಖದಲ್ಲಿ ವ್ಯಾಕರಣ ಯಾರು ನೋಡ್ತಾರೆ?”

“ನೀವು ನೋಡಿದ್ರಲ್ಲ. ಸಾಲಿನ ಮೊದಲಕ್ಷರ ದೊಡ್ಡದಿರಬೇಕು ಅಂತ ಚಿಕ್ಕ ‘ಬಿ’ಗೆ ಇನ್ನೊಂದು ಹೊಟ್ಟೆ ಸೇರಿಸಿದ್ರಿ. ಆ ಶಾಯಿ ನಿಮ್ಮ ಪೆನ್ನಿಂದು. ವಾಕ್ಯವೇ ಅರ್ಧ ಅನ್ನೋದು ಹೊಳೀಲಿಲ್ಲ. ಕರಡಲ್ಲಿ ವಿಳಾಸ ನಿಮ್ಮದೇ. ಅಸಲು ಪತ್ರ ಬಂದಿದ್ದು ನಿಮ್ಮೊಬ್ಬರ ಕೈಗೆ. ನಿನ್ನೆ ಶಾಲೆ ಬಿಟ್ಮೇಲೆ ಅವರ ಜೊತೆ ಚಹಾ ಕುಡಿದವರೂ ನೀವೇ.”

ಹೆಡ್‌ಮಾಸ್ಟರರ ಕೈ ಜೇಬಿನ ಪೆನ್ನಿನ ಮೇಲೆ ಹೋಯಿತು. “ಅವಳು ಬಾಯಿ ಬಿಟ್ಟಿದ್ರೆ ನಾನು ಮುಗೀತಿದ್ದೆ,” ಎಂದರು ಕೊನೆಗೆ.

ಎರಡು ವರ್ಷದ ಹಿಂದೆ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಬೀಗವಿತ್ತು. ಒಬ್ಬ ಹುಡುಗಿ ಸತ್ತಳು. ಬೀಗ ಹಾಕಿಸಿದ್ದು ಹೆಡ್‌ಮಾಸ್ಟರ್. ಅವರ ಬೆದರಿಕೆಗೆ ಮಣಿದು ಟೀಚರ್ ಅಟೆಂಡರನ ಹೆಸರು ಹೇಳಿದ್ದರು. ಅವನ ಕೈಗೆ ಕೋಳ ತೊಡಿಸಿದ್ದು ಈ ಇನ್ಸ್‌ಪೆಕ್ಟರನೇ. ಮೂರು ತಿಂಗಳ ಹಿಂದೆ ಅಟೆಂಡರ್ ಜೈಲಿನಲ್ಲೇ ತೀರಿಕೊಂಡಿದ್ದ.

* * *

ಅಟೆಂಡರನ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು.

“ನಿಮ್ಮ ಯಜಮಾನ್ರ ತಪ್ಪಿರಲಿಲ್ಲ ಅಂತ ಇವತ್ತು ಗೊತ್ತಾಯ್ತಮ್ಮ,” ಎಂದ ಇನ್ಸ್‌ಪೆಕ್ಟರ್.

ಅವಳು ತಲೆಯೆತ್ತಲಿಲ್ಲ.

“ಅವತ್ತೇ ಅವರು ಹೇಳಿದ್ರಲ್ಲ ಸರ್. ನಿಮ್ಮ ಸ್ಟೇಷನ್ನಲ್ಲಿ. ಮೂರು ಸಲ.”

ಮುಂದಿನ ಅಂಗಿಯ ಕಾಲರು ಬಿಡಿಸಿ ಅದರ ಮೇಲೆ ನೀರು ಚಿಮುಕಿಸಿದಳು.