ಎರಡು ಗುರುತು ಕಂಡ ದಿನ

“ಆ ದನಿ... ನಿಮ್ಮದೇನಾ?”

ಬುನಫ್ಷಾಳ ಕೈಯಲ್ಲಿದ್ದ ಚಹಾದ ಬಟ್ಟಲು ತುಳುಕಿತು.

ದಶ್ತಕ್ ವಿಮಾನ ನಿಲ್ದಾಣದ ಚಹಾದಂಗಡಿಯ ಬಾಗಿಲಲ್ಲಿ, ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ಎತ್ತರದ ಪೈಲಟ್ ಒಬ್ಬ ನಿಂತಿದ್ದ. ಹತ್ತು ನಿಮಿಷದ ಹಿಂದೆ ಅಡ್ಡಗಾಳಿಯಲ್ಲಿ ಓಲಾಡುತ್ತ ಇಳಿದ ಹದಿನೇಳು ಸೀಟಿನ ವಿಮಾನ ಅವನದು. ಮಾಳಿಗೆಯ ಮೇಲಿನ ಹವಾಮಾನ ಕೋಣೆಯಿಂದ ರೇಡಿಯೋದಲ್ಲಿ ಗಾಳಿಯ ವೇಗ ಹೇಳಿ ಹೇಳಿ ಅವಳ ಗಂಟಲು ಇನ್ನೂ ಒಣಗಿತ್ತು.

“ಯಾವ ದನಿ?”

“‘ಬಲಕ್ಕೆ, ಇನ್ನೂ ಬಲಕ್ಕೆ, ಹೆದರಬೇಡ’ ಅಂದ ದನಿ.”

“ಹೆದರಬೇಡ ಅಂತ ನಾನಂದಿಲ್ಲ!”

“ಅಂದ್ರಿ. ನಿಮಗೆ ನೀವೇ ಹೇಳ್ಕೊಂಡ್ರಿ ಅನ್ಸುತ್ತೆ. ಆದ್ರೆ ಕೆಲಸಕ್ಕೆ ಬಂದಿದ್ದು ನಂಗೆ.” ಅವನು ನಕ್ಕ. “ಅಕ್ನಜರ್. ಇನ್ಮೇಲೆ ವಾರಕ್ಕೆರಡು ಸಲ ನಿಮ್ಮ ತಲೆನೋವು.”

ಊರವರೆಲ್ಲ ಅತ್ತೆ ಎನ್ನುವ ಸಫರ್‌ಮೋ ಒಲೆಯ ಹಿಂದಿನಿಂದ ಇಣುಕಿದಳು. ಅಂಗಡಿ ಅವಳದು, ನಾಲಿಗೆಯೂ ಅವಳದೇ.

“ಕೂತ್ಕೋ ಪೈಲಟ್ಟು! ಉಪ್ಪು, ಬೆಣ್ಣೆ ಹಾಕಿದ ಹಾಲು ಚಹಾ ಇದೆ, ರೊಟ್ಟಿ ಮುರಿದು ಹಾಕ್ಕೊಂಡು ಕುಡಿ. ಅವಳನ್ನ ಹಾಗೆ ನೋಡ್ಬೇಡ, ಅವಳು ಮೋಡ ಬಿಟ್ಟು ಬೇರೇನೂ ನೋಡೋಳಲ್ಲ. ಮೂವತ್ತಾರು ವರ್ಷದಿಂದ ಹಾಗೇ!”

“ಅತ್ತೇ!”

ಆ ದಿನ ಬುನಫ್ಷಾ ಮಾಳಿಗೆಗೆ ಮರಳಿದಾಗ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಅದು ಸಂತೋಷವಲ್ಲ... ಭಯ. ಕಳೆದುಕೊಳ್ಳಲು ಏನೂ ಇಲ್ಲದವಳಿಗೆ ಒಮ್ಮೆಲೇ ಏನೋ ಸಿಕ್ಕಿಬಿಟ್ಟಾಗ ಆಗುವ ಭಯ.

* * *

ದಶ್ತಕ್ ನಿಲ್ದಾಣದ ಸೌಕರ್ಯಗಳನ್ನು ಒಂದು ನೋಟದಲ್ಲಿ ಎಣಿಸಿ ಮುಗಿಸಬಹುದಿತ್ತು. ಒಂದು ಒಲೆ. ಎರಡು ಬೆಂಚು. ಪ್ರಯಾಣಿಕರನ್ನೂ ಅವರ ಒಣ ಜರ್ದಾಳು ಮೂಟೆಗಳನ್ನೂ ತೂಗುವ ಒಂದೇ ತಕ್ಕಡಿ. ಗೋಡೆಯ ಫಲಕದಲ್ಲಿ ಒಂದು ಕಾಲಕ್ಕೆ ನಾಲ್ಕು ಊರುಗಳ ಹೆಸರಿದ್ದವು. ವಿಮಾನ ನಿಂತುಹೋದ ಮೂರರ ಮೇಲೆ ಬಿಳಿ ಬಣ್ಣ ಬಳಿದಾಗಿತ್ತು. ಉಳಿದದ್ದು ರಾಜಧಾನಿ ದುಶಾಂಬೆ ಮಾತ್ರ.

ದುಶಾಂಬೆಗೆ ಹೋಗಬೇಕೆಂದರೆ ಎರಡು ಶಿಖರಗಳ ನಡುವಿನ ಸಂದಿಯಲ್ಲಿ ತೂರಬೇಕು. ಊರವರು ಅದನ್ನು ‘ಬಾಗಿಲು’ ಎನ್ನುತ್ತಾರೆ. ಮಾಳಿಗೆಯ ಮೇಲಿಂದ ಬಾಗಿಲಲ್ಲಿ ಮೂರು ಗುರುತುಗಳು ಕಾಣಬೇಕು: ಕೆಳಗೆ ಕರಿಬಂಡೆ, ನಡುವೆ ವಿದ್ಯುತ್ ಕಂಬ, ಮೇಲೆ ಹಿಮದ ನಾಲಿಗೆ. ಮೂರೂ ಕಂಡರೆ ತೆರೆದಿದೆ. ಒಂದೇ ಕಂಡರೆ ಮುಚ್ಚಿದೆ. ಎರಡು ಕಂಡರೆ?

ಎರಡು ಕಂಡರೆ, ನೋಡುವವಳ ವಿವೇಚನೆ. ಗಾಳಿ ನೋಡಿ, ಮೋಡದ ನಡೆ ನೋಡಿ, ಅವಳೇ ತೀರ್ಮಾನಿಸಬೇಕು.

ಬುನಫ್ಷಾಳಿಗಿಂತ ಮೊದಲು ಆ ಕೆಲಸ ಅವಳ ಅಪ್ಪನದಾಗಿತ್ತು. ಹದಿನೆಂಟು ವರ್ಷದ ಹಿಂದೆ ಎರಡು ಗುರುತು ಕಂಡ ಒಂದು ಬೆಳಿಗ್ಗೆ ಅವನು ‘ತೆರೆದಿದೆ’ ಎಂದಿದ್ದ. ಹೊರಟ ವಿಮಾನ ಆಚೆ ತಲುಪಲಿಲ್ಲ. ಯಾರೂ ಅವನನ್ನು ದೂರಲಿಲ್ಲ. ಆದರೆ ಸಾಯುವವರೆಗೂ ಅವನು ಊಟಕ್ಕೆ ಕೂತಾಗಲೂ ತುತ್ತು ಕೈಯಲ್ಲಿ ಹಿಡಿದು ಬೆಟ್ಟದ ಕಡೆಗೇ ನೋಡುತ್ತಿದ್ದ.

ಕೆಲವು ದಿನ ರುಸ್ತಮ್‌ಬೆಕ್ ಎಂಬ ಇನ್ನೊಬ್ಬ ಪೈಲಟ್ ಬರುತ್ತಿದ್ದ, ವಾರಕ್ಕೆರಡು ಸಲ ಅಕ್ನಜರ್ ಬಂದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತೆಂದು ಒಮ್ಮೆ ಹೇಳಿದ. ಮಾಳಿಗೆಯ ಮೆಟ್ಟಿಲ ಮೇಲೆ ಕೂತು ದಾಳಿಂಬೆ ಬಿಡಿಸಿ ಅರ್ಧ ಅವಳಿಗೆ ಕೊಟ್ಟ. ಅವಳು ಉಣ್ಣೆಯ ಕಾಲುಚೀಲ ಹೆಣೆಯತೊಡಗಿದಳು, ಕೆಂಪು, ಹಸಿರು, ಹಳದಿ ಪಟ್ಟಿಗಳದು.

“ಯಾರಿಗೆ ಇದು?” ಅತ್ತೆ ಎತ್ತಿ ಹಿಡಿದು ನೋಡಿದಳು. “ನಲವತ್ನಾಲ್ಕು ಸೈಜಿನ ಪಾದ! ನಮ್ಮೂರಲ್ಲಿ ಕತ್ತೆಗೂ ಇಷ್ಟು ದೊಡ್ಡ ಕಾಲಿಲ್ಲ ಕಣೇ!”

ಬುನಫ್ಷಾ ಕಸಿದುಕೊಂಡು ಮೇಜಿನ ಖಾನೆಯಲ್ಲಿ ಬಚ್ಚಿಟ್ಟಳು. ಕೊಡಲು ಮಾತ್ರ ಧೈರ್ಯ ಬರಲಿಲ್ಲ.

* * *

ನವೆಂಬರಿನಲ್ಲಿ ಬೆಟ್ಟ ಕುಸಿದು ದುಶಾಂಬೆಯ ರಸ್ತೆ ಕಟ್ಟಿಹೋಯಿತು. ಅದೇ ವಾರ ಅಕ್ನಜರ್ ಇಳಿದ, ಇಳಿದ ಮೇಲೆ ಮೋಡವೂ ಇಳಿಯಿತು.

ಮೊದಲ ದಿನ ಒಂದೇ ಗುರುತು. ಎರಡನೆಯ ದಿನ ಎರಡು. ಮೂರನೆಯ ದಿನ ಬೆಳಿಗ್ಗೆಯೂ ಎರಡು. ಮೂರೂ ದಿನ ಬುನಫ್ಷಾ ಹವಾಮಾನ ದಾಖಲೆಯ ಪುಸ್ತಕದಲ್ಲಿ ‘ಮುಚ್ಚಿದೆ’ ಎಂದೇ ಬರೆದಳು.

ಕೆಳಗೆ ಬೆಂಚಿನ ಮೇಲೆ ಹದಿನಾಲ್ಕು ಜನ ಕಾಯುತ್ತಿದ್ದರು. ಅವರಲ್ಲೊಬ್ಬಳು ಲಾಲ್‌ಬೇಗಿಂ, ಮೇಲಿನ ಕಣಿವೆಯ ತುಂಬು ಬಸುರಿ. ಮಗು ಅಡ್ಡ ತಿರುಗಿದೆ, ಇಲ್ಲಿ ಹೆರಿಗೆ ಆಗದು, ದುಶಾಂಬೆಗೇ ಒಯ್ಯಿರಿ ಎಂದಿದ್ದರು ವೈದ್ಯರು. ಅವಳ ಗಂಡನ ತಾಯಿ ದಿನಕ್ಕೆ ಹತ್ತು ಸಲ ಮೆಟ್ಟಿಲ ಬುಡಕ್ಕೆ ಬಂದು ಕೂಗುತ್ತಿದ್ದಳು.

“ಮಗಳೇ, ಬಾಗಿಲು ತೆರೀತಾ?”

“ಇನ್ನೂ ಇಲ್ಲ, ಅಜ್ಜಿ...”

‘ಇಲ್ಲ ಅನ್ನುತ್ತಿರುವುದು ಮೋಡವೋ, ನಾನೋ?’

ಗಾಳಿಮಾಪಕ ನೋಡಿಬರಲು ಅವಳು ಹೊರಗೆ ಹೋಗಿದ್ದಳು. ಮರಳಿದಾಗ ಅವಳ ಮೇಜಿನ ಮುಂದೆ ಅಕ್ನಜರ್ ನಿಂತಿದ್ದ. ಪುಸ್ತಕ ತೆರೆದಿತ್ತು. ಅವನ ಮುಖದಲ್ಲಿ ಎಂದಿನ ನಗು ಇರಲಿಲ್ಲ.

“ಸೆಪ್ಟೆಂಬರ್ ಒಂಬತ್ತು. ಎರಡು ಗುರುತು, ತೆರೆದಿದೆ. ಹಾರಿದ್ದು ರುಸ್ತಮ್‌ಬೆಕ್.” ಅವನು ಹಾಳೆ ಮಗುಚಿದ. “ಹನ್ನೆರಡು. ಎರಡು ಗುರುತು, ಮುಚ್ಚಿದೆ. ಆ ದಿನ ಹಾರಬೇಕಿದ್ದಿದ್ದು ನಾನು. ಅಕ್ಟೋಬರ್‌ನಲ್ಲೂ ಹೀಗೇ... ಅವರಿಗೆ ನಾಲ್ಕು ಸಲ ತೆರೆದಿದೆ. ನಂಗೆ ಒಂದು ಸಲಾನೂ ಇಲ್ಲ.”

ಅವಳಿಗೇ ಗೊತ್ತಿರಲಿಲ್ಲ! ಗೊತ್ತಿತ್ತು... ಆದರೆ ಹೀಗೆ ಒಂದರ ಕೆಳಗೊಂದು ಸಾಲಾಗಿ, ತನ್ನದೇ ಅಕ್ಷರದಲ್ಲಿ ನೋಡಿರಲಿಲ್ಲ.

“ಹದಿನೈದು ವರ್ಷದಿಂದ ಹಾರಿಸ್ತಿದೀನಿ ಬುನಫ್ಷಾ. ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ರೆ ಮುಖಕ್ಕೇ ಹೇಳ್ಬಹುದಿತ್ತು. ಮೆಟ್ಟಿಲ ಮೇಲೆ ಕೂತು ದಾಳಿಂಬೆ ತಿಂದು, ಮೇಲೆ ಬಂದು ಹೀಗೆ ಬರಿಯೋ ಬದಲು.”

“ಹಾಗಲ್ಲ...”

“ಮತ್ತೆ ಹೇಗೆ?”

ಏನೆಂದು ಹೇಳುವುದು? ನೀನು ಆ ಸಂದಿಗೆ ಹೊಕ್ಕಾಗಲೆಲ್ಲ ನಾನು ಅಪ್ಪನಾಗಿಬಿಡುತ್ತೇನೆ ಎಂದೇ?

“ದುಶಾಂಬೆ ಕಚೇರಿಯಲ್ಲಿ ಆಗಲೇ ಮಾತಾಡ್ತಿದಾರೆ,” ಅವನು ತಣ್ಣಗೆ ಹೇಳಿದ. “ಇಷ್ಟು ದಿನ ಮುಚ್ಚಿರೋ ಮಾರ್ಗ ವಸಂತಕ್ಕೆ ಬೇಡ ಅಂತ. ಆ ಫಲಕದ ಮೇಲೆ ನಾಲ್ಕನೇ ಸಲ ಬಿಳಿ ಬಣ್ಣ ಬಳೀತಾರೆ. ಅದಕ್ಕೆ ಮುಂಚೆ ನಾನೇ ಬೇರೆ ಮಾರ್ಗ ಕೇಳ್ತೀನಿ. ರುಸ್ತಮ್‌ಬೆಕ್ ಬರಲಿ. ಅವರಿಗಾದ್ರೂ ತೆರೀತೀರಲ್ಲ.”

ಅವನ ಬೂಟುಗಳ ಸದ್ದು ಮೆಟ್ಟಿಲಿಳಿಯಿತು.

ರುಸ್ತಮ್‌ಬೆಕ್! ಮೂರು ಹೆಣ್ಣುಮಕ್ಕಳ ತಂದೆ. ಬಂದಾಗಲೆಲ್ಲ ಅವಳಿಗೆ ಹುರಿಗಡಲೆ ತರುವ ಮನುಷ್ಯ. ಅದೇ ಮೋಡದೊಳಕ್ಕೆ ಅವನನ್ನು ಕಳಿಸಿದಾಗ ತಾನು ಒಮ್ಮೆಯೂ ಹಿಂಜರಿದಿರಲಿಲ್ಲ. ಅವನ ಮನೆಯಲ್ಲೂ ಒಬ್ಬಳು ಆಕಾಶ ನೋಡುತ್ತ ಕೂತಿರುವುದಿಲ್ಲವೇ?

ಬುನಫ್ಷಾ ಮುಖ ಮುಚ್ಚಿಕೊಂಡಳು. ತನ್ನ ಭಯಕ್ಕಿಂತ ಆ ಭಯ ಮಾಡಿಸಿದ ಕೆಲಸ ಅವಳನ್ನು ಹೆಚ್ಚು ಹೆದರಿಸಿತು.

* * *

ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿನಿಂದ ಚೀರಾಟ ಕೇಳಿತು.

ಸಫರ್‌ಮೋ ಅತ್ತೆ ಏದುಸಿರು ಬಿಡುತ್ತ ಮೇಲೆ ಬಂದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ಲಾಲ್‌ಬೇಗಿಂಗೆ ನೋವು ಶುರುವಾಯ್ತು. ರಕ್ತ ಹೋಗ್ತಿದೆ ಕಣೇ! ನಮ್ಮ ನರ್ಸಮ್ಮ ಕೈಚೆಲ್ಲಿದಾಳೆ. ಸಂಜೆವರೆಗೆ ತಡೆಯಲ್ವಂತೆ...” ಅವಳು ಬುನಫ್ಷಾಳ ಭುಜ ಹಿಡಿದಳು. “ನಿಜ ಹೇಳು. ಬಾಗಿಲು ಮುಚ್ಚಿದೆಯಾ?”

ಬುನಫ್ಷಾ ಹೊರಗೆ ಬಂದು ನಿಂತಳು. ಕಣ್ಣೀರು ಒರೆಸಿಕೊಂಡಳು, ಒದ್ದೆ ಕಣ್ಣಿಗೆ ಬೆಟ್ಟ ಸರಿಯಾಗಿ ಕಾಣುವುದಿಲ್ಲ.

ಕರಿಬಂಡೆ ಕಾಣುತ್ತಿತ್ತು. ಕಂಬ ಕಾಣುತ್ತಿತ್ತು. ಹಿಮದ ನಾಲಿಗೆಯ ಮೇಲೆ ಬೂದುಬಣ್ಣದ ಮುಸುಕು.

‘ಅಪ್ಪಾ...’

ಅವಳು ಗಾಳಿ ನೋಡಿದಳು. ಕಣಿವೆಯಿಂದ ಮೇಲಕ್ಕೆ ಬೀಸುತ್ತಿತ್ತು, ಒಂದೇ ಸಮನೆ. ಮೋಡದ ಅಂಚು ಕಂಬದ ತುದಿಯಿಂದ ನಿಧಾನವಾಗಿ ಮೇಲೇರುತ್ತಿತ್ತು. ರುಸ್ತಮ್‌ಬೆಕ್ ಹಾರುವುದಾಗಿದ್ದರೆ ಏನು ಬರೆಯುತ್ತಿದ್ದೆ? ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಕೇಳಿಕೊಂಡಳು. ಉತ್ತರ ಕೂಡಲೇ ಬಂತು.

ಪುಸ್ತಕದಲ್ಲಿ ಬರೆದಳು: ಎರಡು ಗುರುತು. ಮೋಡ ಏರುತ್ತಿದೆ. ಮುಂದಿನ ಒಂದು ಗಂಟೆ ತೆರೆದಿದೆ.

ಅವಳು ಕೆಳಗೆ ಓಡಿದಾಗ ಲಾಲ್‌ಬೇಗಿಂಳನ್ನು ಕಂಬಳಿಯಲ್ಲಿ ಎತ್ತಿ ವಿಮಾನಕ್ಕೆ ಹತ್ತಿಸುತ್ತಿದ್ದರು. ಅಕ್ನಜರ್ ವಿಮಾನದ ಮೆಟ್ಟಿಲ ಬಳಿ ನಿಂತಿದ್ದ.

“ತೆರೆದಿದೆ,” ಅವಳು ಹೇಳಿದಳು. “ಎಡಗಡೆ ಗೋಡೆಗೆ ಹತ್ತಿರ ಹೋಗಿ. ಬಲಗಡೆ ಮೋಡ ಕೆಳಗಿದೆ.”

“ಇವತ್ತು ಹೇಗೆ ನಂಬಿಕೆ ಬಂತು?”

“ನಿಮ್ಮ ಮೇಲೆ ಯಾವತ್ತೂ ಇತ್ತು. ನನ್ನ ಮೇಲೇ ಇರಲಿಲ್ಲ.” ಸುತ್ತ ಜನ ಇದ್ದರು, ಇರಲಿ. “ರುಸ್ತಮ್‌ಬೆಕ್ ಅಣ್ಣ ಹೋಗೋ ದಿನ ನಾನು ಮೋಡ ನೋಡ್ತೀನಿ. ನೀವು ಹೋಗೋ ದಿನ... ಮೋಡ ಕಾಣಲ್ಲ ಅಕ್ನಜರ್. ಅದರೊಳಗೆ ನೀವೇ ಕಾಣ್ತೀರಿ. ಅದಕ್ಕೆ ಮುಚ್ಚಿಬಿಟ್ಟೆ. ತಪ್ಪು ಮಾಡಿದೆ.”

ಅವನು ಮೆಲ್ಲಗೆ ಅಂದ:

“ಆ ಸಂದಿಯಲ್ಲಿ ನಾನೂ ಹೆದರ್ತೀನಿ. ಪ್ರತಿ ಸಲ. ನೀವು ‘ತೆರೆದಿದೆ’ ಅಂದ್ರಲ್ಲ, ಅದೊಂದು ಮಾತು ಹಿಡ್ಕೊಂಡು ಹೋಗ್ತೀನಿ. ‘ಮುಚ್ಚಿದೆ’ ಸುಳ್ಳಾದ್ರೆ, ನಾನು ‘ತೆರೆದಿದೆ’ಯನ್ನ ಹೇಗೆ ನಂಬಲಿ?”

“ಇವತ್ತಿನದು ನಿಜ.”

“ನಿಮ್ಮ ಕಣ್ಣು ನೋಡಿದ್ರೆ ಗೊತ್ತಾಗುತ್ತೆ. ಸತ್ತುಹೋಗೋ ಹಾಗೆ ಹೆದರಿದೀರಿ.” ಅವನು ಒಳಗೆ ಹತ್ತಿದ.

ವಿಮಾನ ಓಡಿತು, ಎದ್ದಿತು, ಬೆಟ್ಟದ ಎದುರು ನೊಣದಷ್ಟಾಯಿತು. ಬಾಗಿಲು ಅದನ್ನು ನುಂಗಿಕೊಂಡಿತು.

ಸಂದಿಯೊಳಗೆ ರೇಡಿಯೋ ಕೇಳಿಸುವುದಿಲ್ಲ. ದಾಟಲು ಹನ್ನೊಂದು ನಿಮಿಷ.

ಬುನಫ್ಷಾ ರೇಡಿಯೋದ ಮುಂದೆ ಕೂತಳು. ಸಫರ್‌ಮೋ ಅತ್ತೆ ಅವಳ ಬೆನ್ನ ಹಿಂದೆ ನಿಂತಳು. ಜೀವಮಾನದಲ್ಲಿ ಮೊದಲ ಬಾರಿಗೆ ಸುಮ್ಮನಿದ್ದಳು.

ಐದು ನಿಮಿಷ. ಎಂಟು. ಕಂಬದ ತುದಿಯನ್ನು ಮೋಡದ ಎಳೆಯೊಂದು ಸವರಿ ಹೋಯಿತು. ಹತ್ತು.

ಹನ್ನೊಂದು. ಬರೀ ಗೊರಗೊರ.

ಹನ್ನೆರಡು!

‘ಅಪ್ಪ ಹೀಗೇ ಕೂತಿದ್ದನೇ? ಇದೇ ಕುರ್ಚಿಯಲ್ಲಿ?’ ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

“ದಶ್ತಕ್...” ಗೊರಗೊರದ ನಡುವೆ ದನಿ. “ದಶ್ತಕ್, ದಾಟಿದೀವಿ. ಎದುರುಗಾಳಿ, ಒಂದು ನಿಮಿಷ ತಡ. ಲಾಲ್‌ಬೇಗಿಂ ನಿಮಗೊಂದು ಮಾತು ಹೇಳ್ಬೇಕಂತೆ. ಮೂರು ದಿನ ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಚೆನ್ನಾಗಿ ಬೈತಿದಾರೆ.”

ಬುನಫ್ಷಾ ಬಾಯಿಗೆ ಶಾಲು ಒತ್ತಿಕೊಂಡು ಅತ್ತಳು. “ಬೈಲಿ... ಇನ್ನೂ ಬೈಲಿ ಅನ್ನಿ!”

* * *

ಮಗು ಹೆಣ್ಣು ಎಂದು ಆ ಸಂಜೆಯೇ ಸುದ್ದಿ ಬಂತು. ತಾಯಿ ಕ್ಷೇಮ. ಆದರೆ ಅಕ್ನಜರ್‌ನ ಸುದ್ದಿ ಇರಲಿಲ್ಲ. ಬೇರೆ ಮಾರ್ಗ ಕೇಳಿದನೇ? ಕೇಳಿದರೆ ತಪ್ಪೇನು? ಬುನಫ್ಷಾ ಎರಡು ದಿನ ರೊಟ್ಟಿ ಮುಟ್ಟಲಿಲ್ಲ.

ಮೂರನೆಯ ಬೆಳಿಗ್ಗೆ ಏಳಕ್ಕೆ ದುಶಾಂಬೆಯಿಂದ ಫೋನು ಬಂತು. ಎಂದಿನ ಗುಮಾಸ್ತನ ದನಿಯಲ್ಲ.

“ಬಾಗಿಲು?”

ಅವಳು ಗೋಡೆಗೆ ಒರಗಿದಳು. “ಮೂರು ಗುರುತು. ತೆರೆದಿದೆ.”

“ಹಾಗಾದ್ರೆ ಬರ್ತಿದೀನಿ.”

ಅವನು ಬಂದು ಇಳಿದ ಒಂದು ಗಂಟೆಯಲ್ಲೇ ಮೋಡ ಕುಸಿಯಿತು. ಅಕ್ನಜರ್ ಮಾಳಿಗೆ ಹತ್ತಿ ಬಂದು ಅವಳ ಪಕ್ಕ ನಿಂತ. ಅವನ ಬೂಟಿನ ಮೇಲೆ ಕೆಂಪು, ಹಸಿರು, ಹಳದಿ ಪಟ್ಟಿ ಇಣುಕುತ್ತಿತ್ತು. ಸಫರ್‌ಮೋ ಅತ್ತೆ ಅವಳ ಖಾನೆಯಿಂದ ಯಾವಾಗ ಕದ್ದು ಕೊಟ್ಟಳೋ!

“ಎಷ್ಟು ಕಾಣ್ತಿದೆ?” ಅವನು ಕೇಳಿದ.

“ನೀವೇ ಹೇಳಿ.”

“ಒಂದು. ಕರಿಬಂಡೆ ಮಾತ್ರ.”

“ನಂಗೂ ಒಂದೇ.”

“ಬರೀರಿ ಹಾಗಾದ್ರೆ.”

ಅವಳು ಬರೆದಳು: ಮುಚ್ಚಿದೆ.

“ನಂಗೆ ಹೆದರಿಕೆ ಹೋಗಲ್ಲ ಅಕ್ನಜರ್,” ಅವಳು ಪುಸ್ತಕ ಮುಚ್ಚುತ್ತ ಹೇಳಿದಳು. “ನೀವು ಹೋದಾಗಲೆಲ್ಲ ಹನ್ನೊಂದು ನಿಮಿಷ ಸಾಯ್ತೀನಿ. ಮದುವೆ ಆದ್ರೂ ಹೋಗಲ್ಲ.”

“ಮದುವೆ ಅಂತ ನಾನಿನ್ನೂ ಕೇಳಿಲ್ಲ!”

ಅವಳ ಕೆನ್ನೆ ಉರಿಯಿತು. ಅವನು ಅವಳ ತಣ್ಣನೆಯ ಬೆರಳುಗಳನ್ನು ತನ್ನ ಎರಡೂ ಅಂಗೈಗಳ ನಡುವೆ ತೆಗೆದುಕೊಂಡ.

“ಹೆದರಿಕೆ ಹೋಗೋದು ಬೇಡ. ಇರಲಿ. ನೀವು ಇಲ್ಲಿ ಹೆದರಿ, ನಾನು ಅಲ್ಲಿ ಹೆದರ್ತೀನಿ. ಆಚೆ ದಾಟಿದ ಮೇಲೆ ಮೊದಲು ನಿಮಗೇ ಹೇಳ್ತೀನಿ.”

ಕೆಳಗಿನಿಂದ ಅತ್ತೆ ಕೂಗಿದಳು: “ಚಹಾ ಆರ್ತಿದೆ! ಬಾಗಿಲು ಮುಚ್ಚಿದ್ರೆ ಬಾಯಿ ಯಾಕೆ ಮುಚ್ಚಬೇಕು, ಬಂದು ಕುಡೀರಿ!”

ಇಬ್ಬರೂ ನಕ್ಕರು. ಬುನಫ್ಷಾ ಅವನ ಪಾದಗಳತ್ತ ನೋಡಿದಳು.

“ಸರಿ ಆಗಿದೆಯಾ?”

“ಎಡಗಾಲಿಗೆ ಒಂಚೂರು ಬಿಗಿ.”

“ಕೊಡಿ, ಬಿಚ್ಚಿ ಮತ್ತೆ ಹೆಣೀತೀನಿ.”

“ಕೊಡಲ್ಲ,” ಅಂದ ಅಕ್ನಜರ್.